ಮಳೆ ಲೆಕ್ಕದ ಸ್ಪೆಸಿಮನ್ ಸಹಿ

ಸಿದ್ದಾಪುರ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಉತ್ತರ ಕನ್ನಡದ ಸಿದ್ದಾಪುರ. ಅದು ತಾಲೂಕು ಕೇಂದ್ರ, ಜೋಗದ ದಾರಿಯದು, ಅದರ ಗತ್ತೇ ಬೇರೆ. ಅದಲ್ಲ ಎಂದರೆ ಕೊಡಗಿನ ಸಿದ್ದಾಪುರ, ಕಾಫಿ ತೋಟ, ಆನೆ. ಅದೂ ಅಲ್ಲ ಎಂದು ತಲೆಯಾಡಿಸಿದ ಮೇಲೆಯೇ ನಮ್ಮ ಪಾಳಿ. ಕುಂದಾಪುರದಿಂದ ಹೊರಟ ಬಸ್ಸು ಅಂಪಾರು ದಾಟಿ, ಹೊಸಂಗಡಿ ಮುಟ್ಟಿ ಬಾಳೆಬರೆ ಘಾಟಿ ಹತ್ತುವ ಮೊದಲು ಒಮ್ಮೆ ಉಸಿರು ಬಿಡುತ್ತದಲ್ಲ, ಆ ಸಿದ್ದಾಪುರ. ನಮ್ಮೂರಿಗೆ ಬರಬೇಕಾದ ಮದುವೆಯ ಕರೆಯೋಲೆ ಘಟ್ಟದ ಮೇಲೆಲ್ಲ ಸುತ್ತಾಡಿ, ಮದುಮಕ್ಕಳು ಬಾಣಂತನದ ಸಿದ್ಧತೆಯಲ್ಲಿರುವಾಗ ಕೈ ಸೇರಿದ ಕತೆಗಳು ಇಲ್ಲಿ ಪ್ರತಿ ಮನೆಯಲ್ಲೂ ಸಿಗುತ್ತವೆ. ಹಾಗಾಗಿ ಹೆಸರನ್ನು ನಂಬಬಾರದು ಎಂಬ ವಿದ್ಯೆ ನಮಗೆ ಹುಟ್ಟಿನಿಂದಲೇ ಬಂದದ್ದು.

ಆ ವಿದ್ಯೆಯೇ ನನಗೆ ಅನ್ನ ಹಾಕಿತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಯಾವ ಬ್ಯಾಂಕು ಎಂದು ಹೇಳಿ ಪ್ರಯೋಜನವಿಲ್ಲ. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲೊಂದು, ಈಗ ಅದರ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ. ನನ್ನ ಕೆಲಸದ ಮುಕ್ಕಾಲು ಪಾಲು ಸಹಿ ನೋಡುವುದು. ಚೆಕ್ಕಿನ ಸಹಿ ಒಂದು ಕೈಯಲ್ಲಿ, ಖಾತೆ ತೆರೆದ ದಿನ ಹಾಕಿಸಿಕೊಂಡ ಸ್ಪೆಸಿಮನ್ ಸಹಿಯ ಕಾರ್ಡು ಇನ್ನೊಂದು ಕೈಯಲ್ಲಿ. ಬಾಲ ಎತ್ತ ತಿರುಗಿದೆ, ಚುಕ್ಕಿ ಎಲ್ಲಿದೆ, ಕೆಳಗಿನ ಗೆರೆ ಒಂದೋ ಎರಡೋ. ನನಗೆ ಅಆಇಈ ಕಲಿಸಿದ ಮೇಷ್ಟ್ರ ಚೆಕ್ಕನ್ನೇ ‘ಸಹಿ ಹೊಂದುವುದಿಲ್ಲ’ ಎಂದು ವಾಪಸು ಕೊಟ್ಟವ ನಾನು. ಅವರು ಕೌಂಟರಿನಾಚೆ ನಿಂತು, “ಆ ಅಕ್ಷರ ನಿಂಗೆ ಕಲ್ಸಿದ್ದೇ ನಾನ್ ಮಾರಾಯ” ಎಂದರು. ಅದು ನಿಜ. ಆದರೆ ಕಾರ್ಡಿನಲ್ಲಿದ್ದ ಮೇಷ್ಟ್ರಿಗೆ ಪ್ರಾಯ ಕಡಿಮೆ, ಕೈ ನಡುಗುತ್ತಿರಲಿಲ್ಲ. ಹೊಸ ಸ್ಪೆಸಿಮನ್ ತೆಗೆದುಕೊಂಡು, ಚಹಾ ತರಿಸಿಕೊಟ್ಟು, ಹಣ ಕೊಟ್ಟೆ.

ನಿವೃತ್ತಿಯಾದ ಮೇಲೆ ನೋಡಲು ಸಹಿಯಿಲ್ಲದೆ ಕಣ್ಣು ಸುಮ್ಮನೆ ಕೂತಿತು. ಆಗ ಕೈಗೆ ಸಿಕ್ಕಿದ್ದು ಅಪ್ಪಯ್ಯನ ಮಳೆ ಪುಸ್ತಕ.

ನಮ್ಮ ಕಡೆ ಅಡಿಕೆ ತೋಟದವರಲ್ಲಿ ಕೆಲವರಿಗೆ ಈ ಹುಚ್ಚು ಇರುತ್ತದೆ. ಅಂಗಳದ ಮೂಲೆಯಲ್ಲಿ ಮಳೆ ಮಾಪಕ, ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಅಳತೆ ಗಾಜಿಗೆ ಸುರಿದು ಮಿಲಿಮೀಟರ್ ಓದುವುದು, ಪುಸ್ತಕದಲ್ಲಿ ಬರೆಯುವುದು. ಎಂಟೂವರೆ ಏಕೆಂದರೆ ಹವಾಮಾನ ಇಲಾಖೆಯ ಮಳೆಯ ದಿನ ಶುರುವಾಗುವುದೂ ಮುಗಿಯುವುದೂ ಆಗಲೇ. ನಡುರಾತ್ರಿ ಹನ್ನೆರಡಕ್ಕೆ ಎದ್ದು ಅಳೆಯಲು ಇಲಾಖೆಯೂ ಒಪ್ಪಲಿಲ್ಲ ಎನ್ನಿ. ಅಪ್ಪಯ್ಯ ಆರ್ದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರದ ಪ್ರಕಾರವೂ ಕೂಡಿಸಿಟ್ಟಿದ್ದರು. ಹುಲಿಕಲ್, ಆಗುಂಬೆಗಳ ಮಳೆ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಅಂಗಳದ ಲೆಕ್ಕವನ್ನು ಪಕ್ಕಕ್ಕಿಟ್ಟು, ಸೋತವರ ಮುಖ ಮಾಡಿಕೊಂಡು ಕಾಫಿ ಕುಡಿಯುತ್ತಿದ್ದರು. ಆ ಪುಸ್ತಕಗಳ ಸಾಲಿನಲ್ಲಿ ನಡುವಿನ ಒಂದಕ್ಕೆ ಒರಲೆ ಹಿಡಿದಿತ್ತು. ಇಡೀ ಒಂದು ಮಳೆಗಾಲವನ್ನು ಒರಲೆ ತಿಂದು ಮಣ್ಣು ಮಾಡಿಟ್ಟಿತ್ತು. ಉಳಿದದ್ದನ್ನಾದರೂ ಕಂಪ್ಯೂಟರಿಗೆ ಹಾಕೋಣ ಎಂದು ಕೂತೆ. ದಿನಕ್ಕೊಂದು ಸಾಲು: ತಾರೀಕು, ಅಲ್ಪವಿರಾಮ, ಮಿಲಿಮೀಟರ್. ಹೊಸ ಮಳೆಯನ್ನೂ ಅದೇ ಕಡತದ ಬಾಲಕ್ಕೆ ಸೇರಿಸುತ್ತ ಬಂದೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಅಕ್ಕನ ಮಗಳು ರಜೆಗೆ ಬಂದವಳು ಇದನ್ನು ಕಂಡಳು. “ಮಾವ, ಒಂದೇ ಕಂಪ್ಯೂಟರಗೆ ಇಟ್ರೆ ಅದೂ ಒರಲೆ ಬಾಯಿಗೆ ಇಟ್ಟಂಗೇ. ಬೇರೆ ಕಡೆಗೊಂದ್ ಪ್ರತಿ ಇರ್ಕ್. ಗಿಟ್ ಹಾಕಿ ಕೊಡ್ತೆ, ರಿಮೋಟ್ ರೆಪೊಸಿಟರಿ ಮಾಡುವ.”

ಗಿಟ್ ಎಂದರೆ ಕಡತಗಳ ಬದಲಾವಣೆಯ ಲೆಕ್ಕ ಇಡುವ ತಂತ್ರಾಂಶ. ರೆಪೊಸಿಟರಿ ಎಂದರೆ ಕಡತಗಳ ಜೊತೆ ಅವುಗಳ ಪೂರ್ತಿ ಚರಿತ್ರೆಯನ್ನೂ ಇಟ್ಟುಕೊಂಡ ಉಗ್ರಾಣ. ರಿಮೋಟ್ ಎಂದರೆ ಅದೇ ಉಗ್ರಾಣದ ಇನ್ನೊಂದು ಪ್ರತಿ, ಬೇರೆ ಜಾಗದಲ್ಲಿ. ಇಷ್ಟು ಹೇಳಲು ಅವಳಿಗೆ ಅರ್ಧ ನಿಮಿಷ ಸಾಕಾಯಿತು. ಆ ಪ್ರತಿಗೆ ನನ್ನನ್ನು ಪರಿಚಯ ಮಾಡಿಸಲು ಉಳಿದ ರಜೆಯೆಲ್ಲ ಹೋಯಿತು.

ಮೊದಲು ಗಿಟ್ ನನ್ನ ಹೆಸರು ಕೇಳಿತು. ಹೆಸರು, ಇಮೇಲ್, ಅಷ್ಟೆ. ನಾನು ಕಾದೆ. ಆಧಾರ್ ಇಲ್ಲ, ಸಾಕ್ಷಿಯಿಲ್ಲ, ಖಾತೆದಾರನಾದವನ ಪರಿಚಯದ ಸಹಿಯಿಲ್ಲ. “ಇಷ್ಟೇಯಾ?” ಎಂದೆ. “ಇಷ್ಟೇ. ಎಂತ ಬರೆದ್ರೂ ತಕಂತ್ತ್” ಎಂದಳು. ನನಗೆ ನಂಬಿಕೆ ಬರಲಿಲ್ಲ. ಪರೀಕ್ಷೆಗೆಂದು ‘ಕೋಟ ಶಿವರಾಮ ಕಾರಂತ’ ಎಂದು ಬರೆದು ಆ ದಿನದ ಮಳೆಯನ್ನು ಕಮಿಟ್ ಮಾಡಿದೆ, ಅಂದರೆ ಚರಿತ್ರೆಗೆ ದಾಖಲಿಸಿದೆ. ತೆಗೆದುಕೊಂಡಿತು! 1997ರಲ್ಲಿ ತೀರಿಕೊಂಡ ಕಾರಂತರು ಸಿದ್ದಾಪುರದ ನಮ್ಮ ಅಂಗಳದಲ್ಲಿ ನಿಂತು ಇವತ್ತಿನ ಮಳೆ ಅಳೆದರು ಎಂದು ಕಂಪ್ಯೂಟರು ತಣ್ಣಗೆ ದಾಖಲಿಸಿತು. ಕಾರಂತರು ಕೈಹಾಕದ ಕ್ಷೇತ್ರವಿಲ್ಲ ಎನ್ನುವುದು ಸರಿ, ಆದರೂ ಇದು ಅತಿಯಾಯಿತು. ಆ ದಾಖಲೆಯನ್ನು ತೆಗೆಸಿ ನನ್ನ ಹೆಸರು ಬರೆದೆ. ಇಂಥ ಧಾರಾಳಿಯ ಹತ್ತಿರ ನನ್ನಂಥ ಗುಮಾಸ್ತ ಹೇಗೆ ಬಾಳುವುದು ಎಂಬ ಚಿಂತೆ ಮಾತ್ರ ಉಳಿಯಿತು.

ಚಿಂತೆ ಬಹಳ ಹೊತ್ತು ಉಳಿಯಲಿಲ್ಲ. ಹೇಳಿದ ಹೆಸರನ್ನು ಪರೀಕ್ಷಿಸದೆ ನಂಬಿದ್ದು ನಮ್ಮ ಮನೆಯೊಳಗಿನ ಗಿಟ್. ಪ್ರತಿ ಇಡಬೇಕಾದ ಜಾಲತಾಣವಾದ ಗಿಟ್‌ಹಬ್‌ನ ಸ್ವಭಾವ ಬೇರೆ. 2008ರಲ್ಲಿ ಶುರುವಾದ ಈ ಗಿಟ್‌ಹಬ್ಬನ್ನು ಹತ್ತು ವರ್ಷದ ಮೇಲೆ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಕೊಂಡುಕೊಂಡಿತಂತೆ. ಬೋರ್ಡು ಮಾತ್ರ ಹಾಗೇ ಉಳಿದಿದೆ, ಪುಣ್ಯ ಮಾಡಿತ್ತು. ಅಲ್ಲಿ ಖಾತೆ ತೆರೆದು, ಗಟ್ಟಿಯಾದ ಪಾಸ್‌ವರ್ಡ್ ಇಟ್ಟು, ಅದನ್ನು ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೆ. ಅಕ್ಕನ ಮಗಳು ನಕ್ಕಳು. ಆ ಪಾಸ್‌ವರ್ಡು ಜಾಲತಾಣದ ಬಾಗಿಲಿಗೆ ಮಾತ್ರ. ಗಿಟ್ ಕಡೆಯಿಂದ ಕಡತ ಕಳಿಸಲು 2021ರ ಆಗಸ್ಟ್ 13ರಿಂದ ಅದು ನಡೆಯುವುದಿಲ್ಲ. ಟೋಕನ್ ಬೇಕು, ಇಲ್ಲವೇ ಎಸ್‌ಎಸ್‌ಎಚ್ ಕೀ.

ಕೀ ಮಾಡುವ ಆಜ್ಞೆ ಕೊಟ್ಟಾಗ ಕಂಪ್ಯೂಟರು ಒಂದಲ್ಲ, ಎರಡು ಕಡತ ಮಾಡಿತು. ಒಂದು ಗುಟ್ಟಿನದು, ಇನ್ನೊಂದು ಯಾರಿಗಾದರೂ ತೋರಿಸಬಹುದಾದದ್ದು. ಗುಟ್ಟಿನದಕ್ಕೆ ಮತ್ತೊಂದು ರಕ್ಷಾವಾಕ್ಯ ಕೊಡಿ ಎಂದಿತು. ಕೊಡಲು ಹೋದರೆ ಪರದೆಯ ಮೇಲೆ ಏನೂ ಮೂಡಲಿಲ್ಲ. ನಕ್ಷತ್ರ ಚಿಹ್ನೆಯೂ ಇಲ್ಲ. ಕೀಲಿಮಣೆ ಕೆಟ್ಟಿತೇ ಎಂದು ತಿರುಗಿಸಿ ತಟ್ಟಿದರೆ ಒಂದು ಅವಲಕ್ಕಿ ಕಾಳು ಬಿತ್ತು. ಹಾಗಲ್ಲವಂತೆ, ಎಷ್ಟು ಅಕ್ಷರ ಎಂಬುದೂ ಪಕ್ಕದವರಿಗೆ ತಿಳಿಯಬಾರದಂತೆ. ಪಕ್ಕದಲ್ಲಿದ್ದದ್ದು ನನ್ನ ಹೆಂಡತಿ. “ಹ್ವಾಯ್, ಮಳಿ ಲೆಕ್ಕ ಕದ್ಕಂಡ್ ಹೋಪುಕೆ ಯಾರ್ ಬತ್ರ್?” ಎಂದು ಎದ್ದು ಹೋದಳು.

ಕೊನೆಗೆ ಆ ಯಂತ್ರ ಒಂದು ಚೌಕದೊಳಗೆ ಚುಕ್ಕಿ, ಕೂಡಿಸುವ ಚಿಹ್ನೆ, ಸೊನ್ನೆಗಳನ್ನು ಚೆಲ್ಲಿ ಒಂದು ಚಿತ್ರ ಬಿಡಿಸಿತು. ಇದು ನಿಮ್ಮ ಕೀಯ ಗುರುತು, ಎರಡು ಕೀಗಳ ವ್ಯತ್ಯಾಸ ಮನುಷ್ಯರ ಕಣ್ಣಿಗೆ ಹಿಡಿಯಲಿ ಎಂದು ಹೀಗೆ ಎಂದಳು ಅಕ್ಕನ ಮಗಳು. ನನಗೆ ಆ ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ಇಂಥ ಸಹಿಗಳನ್ನು ನೋಡಿಯೇ ನಾನು ಮುದುಕನಾದದ್ದು. ನಮ್ಮ ಬ್ರಾಂಚಿನ ಡಾಕ್ಟರೊಬ್ಬರ ಸಹಿ ಇದಕ್ಕಿಂತ ಸಂಕೀರ್ಣವಾಗಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೆ ಅರ್ಥವಾದದ್ದು ಇಷ್ಟೇ. ತೋರಿಸಬಹುದಾದ ಕಡತ ಸ್ಪೆಸಿಮನ್ ಸಹಿಯ ಕಾರ್ಡು. ಅದನ್ನು ಬ್ಯಾಂಕಿಗೆ ಕೊಟ್ಟಿಡುವುದು. ಗುಟ್ಟಿನ ಕಡತ ಸಹಿ ಮಾಡುವ ಕೈ. ಅದು ಮನೆಯಲ್ಲೇ ಇರಬೇಕು. ನೀವು ಬಾಗಿಲು ತಟ್ಟಿದಾಗ ಆ ಕಡೆಯವರು ಹೊಸದೇನೋ ಒಂದು ಚೀಟಿಯನ್ನು ಮುಂದೆ ಮಾಡುತ್ತಾರೆ, ನಿಮ್ಮ ಕೈ ಇಲ್ಲಿಂದಲೇ ಅದಕ್ಕೆ ಸಹಿ ಹಾಕುತ್ತದೆ, ಅವರು ಕಾರ್ಡಿಗೆ ಹಿಡಿದು ನೋಡುತ್ತಾರೆ. ಕೈಯನ್ನು ಕಡಿದು ಪಾರ್ಸೆಲ್ ಕಳಿಸಬೇಕಾಗಿಲ್ಲ. ಪಾಸ್‌ವರ್ಡಿನಲ್ಲಿ ನಾವು ಮಾಡುತ್ತಿದ್ದದ್ದು ಅದೇ. ಈ ಉಪಾಯ ಬಳಸುವ ಎಸ್‌ಎಸ್‌ಎಚ್ ಅನ್ನು 1995ರಲ್ಲಿ ಕಟ್ಟಿದವನು ಟಾಟು ಯ್ಲೋನೆನ್ ಎಂಬ ಫಿನ್ಲೆಂಡಿನವನು. ಅವನಿದ್ದ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಅವಿತು ಕೂತು ಪಾಸ್‌ವರ್ಡುಗಳನ್ನು ಕದ್ದು ಓದಿದ್ದರಂತೆ. ಗಿಟ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ ಕೂಡ ಹೆಲ್ಸಿಂಕಿಯವನೇ. ಚಳಿಗೆ ಮನೆಯೊಳಗೆ ಕೂತರೆ ಮನುಷ್ಯನಿಗೆ ಇಂಥದ್ದೆಲ್ಲ ಹೊಳೆಯುತ್ತದೆ. ನಮಗೆ ಮಳೆಗೆ ಕೂತರೆ ಹಪ್ಪಳ ನೆನಪಾಗುತ್ತದೆ.

ಇನ್ನು ಆ ಕಡೆಯ ಬಾಗಿಲು ತಟ್ಟಬೇಕು. ತಟ್ಟಿದೊಡನೆ ನಮ್ಮ ಯಂತ್ರವೇ ತಡೆಯಿತು. ಈ ಊರಿನ ನಿಜತ್ವ ಖಾತ್ರಿಯಾಗಿಲ್ಲ, ಅದರ ಬೆರಳಚ್ಚು ಹೀಗಿದೆ, ಮುಂದುವರಿಯುವುದು ಖಂಡಿತವೋ ಎಂದು ಕೇಳಿತು. ಅಂದರೆ ಅವರು ನನ್ನನ್ನು ಪರೀಕ್ಷಿಸುವ ಮೊದಲು ನಾನು ಅವರನ್ನು ಪರೀಕ್ಷಿಸಬೇಕು! ಬ್ಯಾಂಕಿನಲ್ಲಿ ಇದ್ದಷ್ಟು ಕಾಲ ಒಬ್ಬ ಗಿರಾಕಿಯೂ ನನ್ನ ಸ್ಪೆಸಿಮನ್ ಸಹಿ ಕೇಳಿದ್ದಿಲ್ಲ.

“ಅದನ್ನ್ ಯಾರೂ ಓದುದಿಲ್ಲೆ ಮಾವ, ಎಲ್ಲರೂ ಯೆಸ್ ಒತ್ತುದೇ” ಎಂದಳು ಅಕ್ಕನ ಮಗಳು.

ಯಾರೂ ಓದುವುದಿಲ್ಲ ಎಂಬ ಮಾತನ್ನು ನನ್ನಂಥವನ ಮುಂದೆ ಆಡಬಾರದು. ಗಿಟ್‌ಹಬ್ ತನ್ನ ಬೆರಳಚ್ಚುಗಳನ್ನು ಸಹಾಯದ ಪುಟದಲ್ಲಿ ಪ್ರಕಟಿಸಿದೆ ಎಂದು ಅವಳ ಬಾಯಿಯಿಂದಲೇ ಹೊರಡಿಸಿದೆ. ಆ ಪುಟವನ್ನು ಹೆಂಡತಿಯ ಫೋನಿನಲ್ಲಿ ತೆರೆಸಿದೆ. ಕಂಪ್ಯೂಟರಿನ ಪರದೆಗೆ ಮರದ ಸ್ಕೇಲು ಹಿಡಿದೆ. ಬೆರಳಚ್ಚಿನಲ್ಲಿ ಒಟ್ಟು 43 ಅಕ್ಷರ. ಹೆಂಡತಿ ಕನ್ನಡಕ ಏರಿಸಿ ಓದಿದಳು: “ಕೂಡ್ಸು ಚಿಹ್ನೆ. ದೊಡ್ಡ ಡಿ. ಸಣ್ಣ ಐ. ದೊಡ್ಡ ವೈ. ಮೂರು. ಸಣ್ಣ ಡಬ್ಲ್ಯೂ. ಸಣ್ಣ ವಿ. ಇನ್ನೊಂದ್ ಸಣ್ಣ ವಿ. ದೊಡ್ಡ ವಿ...” ನಾನು ಸ್ಕೇಲು ಸರಿಸುತ್ತ ಪ್ರತಿಯೊಂದಕ್ಕೂ ‘ಹೂಂ’ ಎನ್ನುತ್ತಿದ್ದೆ. ಆಚೆ ಮನೆಯವರು ವೀಳ್ಯದೆಲೆ ಕೇಳಲು ಬಂದವರು ಬಾಗಿಲಲ್ಲೇ ನಿಂತು, ಸತ್ಯನಾರಾಯಣ ಪೂಜೆಯ ಮಧ್ಯೆ ಬಂದೆವೋ ಎಂಬಂತೆ ಚಪ್ಪಲಿ ಬಿಟ್ಟು ಕೈಮುಗಿದರು. ಕೊನೆಯ ‘ದೊಡ್ಡ ಯು’ ಹೊಂದಿದ ಮೇಲೆಯೇ ಯೆಸ್ ಎಂದು ಪೂರ್ತಿ ಮೂರಕ್ಷರ ಬರೆದೆ. ಬರೇ ವೈ ಎಂದರೆ ಅದು ಒಪ್ಪುವುದಿಲ್ಲ. ಈ ಗುಣ ನನಗೆ ಬಹಳ ಹಿಡಿಸಿತು.

ಅಕ್ಕನ ಮಗಳು ನಕ್ಕು ಸುಸ್ತಾಗಿದ್ದಳು. ನಾನು ನಗಲಿಲ್ಲ. 2023ರ ಮಾರ್ಚ್ 24ರಂದು ಗಿಟ್‌ಹಬ್ ತನ್ನ ಆರ್‌ಎಸ್‌ಎ ಕೀಯನ್ನೇ ಬದಲಾಯಿಸಬೇಕಾಯಿತು, ಅದರ ಗುಟ್ಟಿನ ಅರ್ಧ ಅಕಸ್ಮಾತ್ತಾಗಿ ಒಂದು ಸಾರ್ವಜನಿಕ ರೆಪೊಸಿಟರಿಯಲ್ಲಿ ಸ್ವಲ್ಪ ಹೊತ್ತು ಬಿದ್ದಿತ್ತು ಎಂದು ಅದೇ ಪುಟಗಳ ಸುತ್ತಮುತ್ತ ಓದಿದ್ದೆ. ಅಂದು ಜಗತ್ತಿನ ಎಷ್ಟೋ ಯಂತ್ರಗಳು ‘ಬೆರಳಚ್ಚು ಬದಲಾಗಿದೆ, ಎಚ್ಚರ!’ ಎಂದು ಕಿರುಚಿದವು. ಅವತ್ತಾದರೂ ಜನ ಓದಿದರಲ್ಲ.

ಯೆಸ್ ಎಂದ ಮೇಲೆ ಬಂದ ಉತ್ತರ: ಪರ್ಮಿಷನ್ ಡಿನೈಡ್. ನ್ಯಾಯವೇ. ಸ್ಪೆಸಿಮನ್ ಕಾರ್ಡು ಇನ್ನೂ ಕೊಟ್ಟಿರಲಿಲ್ಲ, ಅಕ್ಕನ ಮಗಳು ಅಷ್ಟರಲ್ಲಿ ಉಂಬುಕೆ ಎದ್ದಿದ್ದಳು. ಊಟದ ಮೇಲೆ ತೋರಿಸಬಹುದಾದ ಕಡತದ ಒಂದೇ ಒಂದು ಉದ್ದ ಸಾಲನ್ನು ಎತ್ತಿ ಗಿಟ್‌ಹಬ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಅಂಟಿಸಿದೆವು. ಇನ್ನೊಮ್ಮೆ ತಟ್ಟಿದರೆ ನನ್ನ ಖಾತೆಯ ಹೆಸರು ಹಿಡಿದು ನಮಸ್ಕಾರ ಹೇಳಿತು. ನಿಮ್ಮ ಗುರುತು ಸಿಕ್ಕಿದೆ, ಆದರೆ ನಾವು ಒಳಗೆ ಬಿಡುವ ಪದ್ಧತಿ ಇಟ್ಟುಕೊಂಡಿಲ್ಲ ಎಂದೂ ಹೇಳಿತು. ಕೌಂಟರಿನಾಚೆ ನಿಂತೇ ವ್ಯವಹಾರ! ಇಷ್ಟು ಶಿಸ್ತಿನ ಬ್ರಾಂಚಿನಲ್ಲಿ ಕೆಲಸ ಮಾಡುವ ಯೋಗ ನನಗೆ ಬರಲಿಲ್ಲ.

ಇನ್ನೊಂದು ವಿಷಯವನ್ನು ಆಗ ಗಮನಿಸಿದೆ. ಬಾಗಿಲು ತಟ್ಟುವಾಗ ನಾನು ನನ್ನ ಹೆಸರು ಹೇಳಿಯೇ ಇರಲಿಲ್ಲ. ವಿಳಾಸದಲ್ಲಿ ಬಳಕೆದಾರನ ಹೆಸರು ಎಂದು ಬರೆದದ್ದು ಬರೇ ‘ಗಿಟ್’. ನಾನೂ ಗಿಟ್, ಬೆಂಗಳೂರಿನ ಅಕ್ಕನ ಮಗಳೂ ಗಿಟ್, ಜಪಾನಿನವನೂ ಗಿಟ್. ಲೋಕದವರೆಲ್ಲ ಒಂದೇ ಹೆಸರು ಹೇಳಿಕೊಂಡು ಒಂದೇ ಬಾಗಿಲಿಗೆ ಬರುತ್ತಾರೆ, ಒಳಗಿದ್ದವರು ಹೆಸರಿಗೆ ಕಿವಿಗೊಡದೆ ಸಹಿ ಒಂದನ್ನೇ ನೋಡಿ ಇವ ಯಾರ ಪೈಕಿ ಎಂದು ಹೇಳುತ್ತಾರೆ. ನಮ್ಮ ಅಂಚೆ ವ್ಯವಹಾರ ಹೀಗೆ ನಡೆದಿದ್ದರೆ ಎಷ್ಟು ಮದುವೆಯ ಊಟ ಉಳಿಯುತ್ತಿತ್ತು.

ಇಷ್ಟಾದ ಮೇಲೆ ನಿಜವಾದ ಕೆಲಸ, ರಿಮೋಟ್ ಸೇರಿಸುವುದು. ಅದು ಒಂದೇ ಸಾಲು. ಸಾಲು ಕೊಟ್ಟು ಕಾದರೆ ಯಂತ್ರ ಹಾಂ ಇಲ್ಲ ಹೂಂ ಇಲ್ಲ. ವಿಳಾಸ ಸರಿಯಿದೆಯೇ ಎಂದು ಅದು ನೋಡಿಯೇ ಇರುವುದಿಲ್ಲ, ಬರೆದಿಟ್ಟುಕೊಂಡಿತು ಅಷ್ಟೆ. ಕೊಡಗಿನ ಸಿದ್ದಾಪುರದ ವಿಳಾಸ ಕೊಟ್ಟಿದ್ದರೂ ಬರೆದಿಟ್ಟುಕೊಳ್ಳುತ್ತಿತ್ತು. ಗೊತ್ತಾಗುವುದು ಕಳಿಸುವ ದಿನ. ಆ ರಿಮೋಟಿಗೆ ಎಲ್ಲರೂ ‘ಒರಿಜಿನ್’ ಎಂದು ಹೆಸರಿಡುತ್ತಾರೆ, ಬೇರೆ ಇಟ್ಟರೂ ನಡೆಯುತ್ತದೆ. ಒರಿಜಿನ್ ಎಂದೇ ಇಟ್ಟೆವು. ಕವಲಿನ ಹೆಸರು ಇಲ್ಲಿ ಮಾಸ್ಟರ್, ಅಲ್ಲಿ 2020ರ ಅಕ್ಟೋಬರಿನಿಂದ ಮೇನ್ ಎಂಬ ಒಂದು ತಕರಾರು ಬಂತು, ಹೋಯಿತು. ಅದರ ವಿವರ ಬೇಡ.

ಬೇಕಾದದ್ದು ಅದರ ನಂತರದ ತಕರಾರು. ಗಿಟ್‌ಹಬ್‌ನಲ್ಲಿ ಹೊಸ ಉಗ್ರಾಣ ತೆರೆಯುವಾಗ ಅಕ್ಕನ ಮಗಳು ಅಂದಕ್ಕಿರಲಿ ಎಂದು ‘ರೀಡ್‌ಮೀ’ ಎಂಬ ಪರಿಚಯ ಪತ್ರವನ್ನೂ ಹುಟ್ಟಿಸಿದ್ದಳು. ಹೀಗಾಗಿ ಅಲ್ಲಿನ ಉಗ್ರಾಣಕ್ಕೆ ಅದರದ್ದೇ ಒಂದು ಚರಿತ್ರೆ ಹುಟ್ಟಿತು, ನಮ್ಮದಕ್ಕೆ ನಮ್ಮದು. ಪುಶ್, ಅಂದರೆ ಅಲ್ಲಿಗೆ ಕಳಿಸು, ಎಂದರೆ ಒಲ್ಲೆ ಎಂದಿತು. ಪುಲ್, ಅಂದರೆ ಅಲ್ಲಿಂದ ತಾ, ಎಂದರೆ ಅದಕ್ಕಿಂತ ದೊಡ್ಡ ಮಾತು ಆಡಿತು: ಸಂಬಂಧವಿಲ್ಲದ ಚರಿತ್ರೆಗಳನ್ನು ವಿಲೀನ ಮಾಡಲು ನಿರಾಕರಿಸುತ್ತೇನೆ.

ನಾನು ಕುರ್ಚಿಯಿಂದ ಎದ್ದು ನಿಂತೆ. ಒಂದು ಯಂತ್ರಕ್ಕಿರುವ ಈ ಸಂಕೋಚ! ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಗುಜರಾತಿನ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷದ ಏಪ್ರಿಲ್ 1ರಂದು ಉಡುಪಿಯ ಕಾರ್ಪೊರೇಷನ್ ಬ್ಯಾಂಕು, ಆಂಧ್ರಾ ಬ್ಯಾಂಕಿನ ಜೊತೆ ಯೂನಿಯನ್ ಬ್ಯಾಂಕಿಗೆ ಹೋಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 1928ರಿಂದ ಪಿಗ್ಮಿ ಎಂದು ಮನೆಮನೆಗೆ ಬಂದು ಚಿಲ್ಲರೆ ಕೂಡಿಸಿದ ಸಿಂಡಿಕೇಟು ಅದೇ ದಿನ ಕೆನರಾ ಆಯಿತು. ಸಿಂಡಿಕೇಟು, ಕೆನರಾ ಆದರೂ ನೆರೆಕರೆಯವು ಎನ್ನಿ. ಉಳಿದವಕ್ಕೆ ಸಂಬಂಧವಿಲ್ಲದ ಚರಿತ್ರೆ ಎಂದು ಯಾರೂ ನಿರಾಕರಿಸಿದ್ದನ್ನು ನಾನು ಕೇಳಲಿಲ್ಲ. ತಾರೀಕನ್ನು ಆರಿಸುವಾಗಲಾದರೂ ಯಾರಿಗೂ ನಗು ಬರಲಿಲ್ಲವೇ ಎಂದು ನಮ್ಮ ನಿವೃತ್ತರ ಕೂಟದಲ್ಲಿ ಈಗಲೂ ಚರ್ಚೆಯಾಗುತ್ತದೆ.

“ಒತ್ತಾಯ ಮಾಡುಕೂ ಒಂದ್ ದಾರಿ ಇತ್ತ್ ಮಾವ. ಸಂಬಂಧ ಇಲ್ದಿದ್ರೂ ಆತ್ತ್ ಅಂದ್ ಹೇಳಿರೆ ಸೇರ್ಸಿ ಕೊಡತ್ತ್” ಎಂದಳು. 2016ರಲ್ಲಿ ಗಿಟ್‌ನ 2.9ನೇ ಆವೃತ್ತಿಯಿಂದ ಹೀಗೆ ಬಾಯಿಬಿಟ್ಟು ಹೇಳಿದರೆ ಮಾತ್ರ ಸೇರಿಸುವ ನಿಯಮ ಬಂದದ್ದಂತೆ. ಓಹೋ, ದೆಹಲಿಯವರ ಹತ್ತಿರ ಆ ಆವೃತ್ತಿ ಇತ್ತು ಎಂದುಕೊಂಡು ಹೇಳಿದೆ. ಸೇರಿತು. ಪುಶ್ ಆಯಿತು. ಅಪ್ಪಯ್ಯನ ಮಳೆಯೆಲ್ಲ ಕೆಲವು ಸೆಕೆಂಡಿನಲ್ಲಿ ಘಟ್ಟ ಹತ್ತಿ ಹೋಯಿತು. ಹಗಲು ರಾತ್ರಿ ಘಟ್ಟದಿಂದ ಕೆಳಗೆ ಇಳಿದ ನೀರು ಅಷ್ಟು ಹೊತ್ತಿನಲ್ಲಿ ಮೇಲೆ ಹತ್ತಿದ್ದು ಇದೇ ಮೊದಲಿರಬೇಕು.

ಗಿಟ್‌ನ ಲೆಕ್ಕ ಇಡುವ ಕ್ರಮವಂತೂ ನನಗೆ ತವರುಮನೆ. ಪ್ರತಿ ಕಮಿಟ್ಟಿಗೂ 40 ಅಕ್ಷರದ ಗುರುತು. ಆ ಗುರುತು ಹುಟ್ಟುವುದು ಕಡತದೊಳಗಿನ ವಿಷಯ, ಬರೆದವರ ಹೆಸರು, ಹೊತ್ತು, ಹಿಂದಿನ ಕಮಿಟ್ಟಿನ ಗುರುತು, ಎಲ್ಲವನ್ನೂ ಅರೆದು. ಹಾಗಾಗಿ ಹಳೆಯ ಯಾವುದೋ ಪುಷ್ಯ ಮಳೆಯ ಒಂದು ಮಿಲಿಮೀಟರನ್ನು ಗುಟ್ಟಾಗಿ ತಿದ್ದಿದರೆ ಅಲ್ಲಿಂದ ಈಚಿನ ಎಲ್ಲ ಗುರುತುಗಳೂ ಬದಲಾಗಿ ಸಿಕ್ಕಿಬೀಳುತ್ತೀರಿ. ಡೇಬುಕ್ಕಿನಲ್ಲಿ ಬ್ಲೇಡು ಹಾಕಿ ಕೆರೆದು ತಿದ್ದುವವರನ್ನು ಹಿಡಿಯಲು ನಾವು ಪುಟವನ್ನು ಬೆಳಕಿಗೆ ಹಿಡಿಯುತ್ತಿದ್ದೆವು. ಇಲ್ಲಿ ಪುಸ್ತಕವೇ ಕೂಗಿಕೊಳ್ಳುತ್ತದೆ.

ಪ್ರತಿ ಇಡುವ ಹುಚ್ಚು ನಮಗೆ ಮಾತ್ರವಲ್ಲ. 2020ರ ಫೆಬ್ರವರಿ 2ರಂದು ಗಿಟ್‌ಹಬ್‌ನಲ್ಲಿದ್ದ ಸಾರ್ವಜನಿಕ ಉಗ್ರಾಣಗಳ ಪ್ರತಿ ತೆಗೆದು, 186 ಸುರುಳಿ ಫಿಲ್ಮಿನಲ್ಲಿ ಅಚ್ಚುಹಾಕಿ, ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್‌ನ ಹಳೆಯ ಕಲ್ಲಿದ್ದಲು ಗಣಿಯಲ್ಲಿ ಇಟ್ಟಿದ್ದಾರೆ. ಸಾವಿರ ವರ್ಷ ಬಾಳಲಿ ಎಂದು. ನಮ್ಮ ಉಗ್ರಾಣ ಆ ತಾರೀಕಿನ ಆಮೇಲಿನದು, ಅದರಲ್ಲಿ ಸೇರಿಲ್ಲ. ಅಕ್ಕನ ಮಗಳು ಬೇಸರ ಮಾಡಿಕೊಂಡಳು. ಅಲ್ಲಿ ಒರಲೆ ಇಲ್ಲವಲ್ಲ ಎಂದು ನನಗೂ ಸ್ವಲ್ಪ ಆಸೆಯಾದದ್ದು ಹೌದು.

ರಜೆ ಮುಗಿಸಿ ಅವಳು ಹೋದಳು. ಪುನರ್ವಸು ಹಿಡಿಯಿತು. ಇಲ್ಲಿಯ ಮಳೆಗಾಲ ಕಾಣದವರಿಗೆ ಹೇಳುವುದು ಕಷ್ಟ. ಕಮಲಶಿಲೆಯಲ್ಲಿ ಕುಬ್ಜಾ ನದಿ ಉಕ್ಕಿ ದೇವಸ್ಥಾನದ ಗರ್ಭಗುಡಿಗೇ ನುಗ್ಗಿ ಬ್ರಾಹ್ಮೀ ದುರ್ಗಾಪರಮೇಶ್ವರಿಗೆ ಸ್ನಾನ ಮಾಡಿಸಿ ಹೋಗುತ್ತದೆ, ಜನ ಅದನ್ನು ಪುಣ್ಯವೆಂದು ನೋಡಲು ಬರುತ್ತಾರೆ. ಪಕ್ಕದ ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರದಲ್ಲಿ 115 ಮೆಗಾವಾಟಿನ ನಾಲ್ಕು ಘಟಕಗಳು, ಒಟ್ಟು 460 ಮೆಗಾವಾಟ್. ನಮ್ಮ ಮಳೆಯಿಂದಲೇ ಹುಟ್ಟಿದ ಕರೆಂಟು ದೊಡ್ಡ ಗೋಪುರಗಳ ಮೇಲಿಂದ ನಮ್ಮ ತಲೆ ದಾಟಿ ಎತ್ತಲೋ ಹೋಗುತ್ತಿರುತ್ತದೆ. ನಮ್ಮ ಮನೆಗೆ ಬರುವ ತಂತಿಯ ಮೇಲೆ ಮಾತ್ರ ನಮ್ಮದೇ ಹಲಸಿನ ಮರದ ಕೊಂಬೆ. ಅದು ಬಿದ್ದಾಗ ಕರೆಂಟು ಹೋಯಿತು, ಹಿಂದಿನಿಂದಲೇ ಇಂಟರ್‌ನೆಟ್ಟೂ ಹೋಯಿತು. ಅಂದರೆ ದಾಖಲಿಸಬೇಕಾದ ಮಳೆ ಜಾಸ್ತಿಯಾದಷ್ಟೂ ದಾಖಲೆ ಕಳಿಸುವ ದಾರಿ ಕಡಿಮೆ. ಬೇಸಿಗೆಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ ಎಂದು ಮಿಂಚಿನ ವೇಗದಲ್ಲಿ ಕಳಿಸಬಹುದು.

ಫೋನಿಗೆ ಸಿಗ್ನಲ್ ಸಿಗುವ ಒಂದು ಗುಡ್ಡೆಯ ತುದಿಗೆ ಛತ್ರಿ ಹಿಡಿದು ಹೋಗಿ ಅಕ್ಕನ ಮಗಳಿಗೆ ದೂರು ಹೇಳಿದೆ. ಅವಳು ಹೇಳಿದ್ದು ಕೇಳಿ ಗಿಟ್ ಮೇಲೆ ನನಗೆ ಮರ್ಯಾದೆ ಇಮ್ಮಡಿಯಾಯಿತು. ಕಮಿಟ್ ಮಾಡಲು ನೆಟ್ ಬೇಡವೇ ಬೇಡ, ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದ್ದರೆ ಸಾಕು. 2005ರ ಏಪ್ರಿಲ್‌ನಲ್ಲಿ ಲಿನಸ್ ಇದನ್ನು ಕಟ್ಟಿದ್ದೇ ಹಾಗೆ. ಅವನ ಲಿನಕ್ಸ್ ಕೆಲಸಕ್ಕೆ ಪುಕ್ಕಟೆ ಸಿಗುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಪರವಾನಗಿ ನಿಂತುಹೋದಾಗ, ಯಾರೊಬ್ಬರ ಕೇಂದ್ರ ಕಚೇರಿಯನ್ನೂ ಕಾಯದೆ ಪ್ರತಿಯೊಬ್ಬನ ಹತ್ತಿರವೂ ಪೂರ್ತಿ ಚರಿತ್ರೆ ಇರುವಂತೆ ಮಾಡಿದ. ಅಷ್ಟೇ ಅಲ್ಲ, ರಿಮೋಟ್ ಎಂದರೆ ಅಮೆರಿಕದಲ್ಲೇ ಇರಬೇಕೆಂದಿಲ್ಲ. ಒಂದು ಪೆನ್‌ಡ್ರೈವ್ ಕೂಡ ರಿಮೋಟ್ ಆಗುತ್ತದೆ! ಅದರಲ್ಲಿ ‘ಬೇರ್’ ಎಂಬ ಬಗೆಯ ಖಾಲಿ ಉಗ್ರಾಣ ಮಾಡಿ, ಎರಡನೆಯ ರಿಮೋಟ್ ಎಂದು ಸೇರಿಸಿ, ಪುಶ್ ಮಾಡಿ, ಬಸ್ಸಿನಲ್ಲಿ ಕುಂದಾಪುರದ ಅಕ್ಕನ ಮನೆಗೆ ಕಳಿಸಿದರೆ ಆಯಿತು. ಅಲ್ಲಿ ನೆಟ್ ಇದೆ, ಅಲ್ಲಿಂದ ಗಿಟ್‌ಹಬ್ಬಿಗೆ ಅವಳೇ ದಾಟಿಸುತ್ತಾಳೆ. ಈ ರಿಮೋಟಿಗೆ ‘ಅಕ್ಕನಮನೆ’ ಎಂದು ಕನ್ನಡದಲ್ಲೇ ಹೆಸರಿಟ್ಟೆ. ಗಿಟ್ ಚಕಾರವೆತ್ತಲಿಲ್ಲ.

ಚಕಾರವೆತ್ತಿದ್ದು ಒಡೆತನದ ಬಗ್ಗೆ. ಪೆನ್‌ಡ್ರೈವ್ ಚುಚ್ಚಿದೊಡನೆ, ಈ ಉಗ್ರಾಣದ ಒಡೆತನ ಅನುಮಾನಾಸ್ಪದವಾಗಿದೆ ಎಂದು ಕೈಕಟ್ಟಿ ನಿಂತಿತು. ನನ್ನ ಹಣದಲ್ಲಿ, ಕುಂದಾಪುರ ಪೇಟೆಯಲ್ಲಿ, ಬಿಲ್ಲು ಸಮೇತ ತಂದದ್ದು! ವಿಷಯವೇನೆಂದರೆ ಪೆನ್‌ಡ್ರೈವಿನ ಹಳೇ ಕಾಲದ ಕಡತ ಪದ್ಧತಿಯಲ್ಲಿ ಯಾವ ಕಡತ ಯಾರದು ಎಂದು ಬರೆದಿಡುವ ಕ್ರಮವೇ ಇಲ್ಲ. ಬೇರೆಯವರ ಉಗ್ರಾಣದ ಮೂಲಕ ಮೋಸ ಮಾಡಬಹುದೆಂದು ತಿಳಿದು 2022ರ ಏಪ್ರಿಲಿನಿಂದ ಗಿಟ್ ಒಡೆಯ ಯಾರೆಂದು ನೋಡದೆ ಮುಟ್ಟುವುದಿಲ್ಲ. ಈ ಫೋಲ್ಡರು ನಂಬಿಕಸ್ಥರದು ಎಂದು ಒಂದು ಸಾಲಿನ ಶಿಫಾರಸು ಬರೆದುಕೊಟ್ಟ ಮೇಲೆ ಬಿಟ್ಟಿತು. ಸುಮ್ಮನೆ ಬಿಟ್ಟಿದ್ದರೆ ನನಗೇ ಬೇಜಾರಾಗುತ್ತಿತ್ತು.

ಪೆನ್‌ಡ್ರೈವನ್ನು ಹೆಂಡತಿ ಕೊಂಡುಹೋದಳು. ಅಕ್ಕನ ಮನೆಯ ಕಂಪ್ಯೂಟರಿಗೆ ಹಾಕಿ, ಕುತೂಹಲಕ್ಕೆ ತೆರೆದು ನೋಡಿದಳಂತೆ. ಬೇರ್ ಉಗ್ರಾಣದಲ್ಲಿ ಚರಿತ್ರೆ ಮಾತ್ರ ಇರುತ್ತದೆ, ಅದೂ ಯಂತ್ರ ಓದುವ ಗಂಟುಗಳಲ್ಲಿ. ಕಣ್ಣಿಗೆ ಕಾಣುವ ಕಡತ ಇರುವುದಿಲ್ಲ. ಆಬ್ಜೆಕ್ಟ್ಸ್, ರೆಫ್ಸ್, ಹುಕ್ಸ್ ಎಂಬ ಫೋಲ್ಡರುಗಳನ್ನೆಲ್ಲ ಜಾಲಾಡಿ ನನಗೆ ಫೋನು ಮಾಡಿದಳು. “ಹ್ವಾಯ್, ನೀವ್ ಕೊಟ್ಟ ಪೆನ್‌ಡ್ರೈವಗೆ ಮಳಿಯೇ ಇಲ್ಲೆ!” ಬಸ್ಸಿನ ಕಿಟಕಿಯಲ್ಲಿ ಒಳಬಂದ ಮಳೆಗೆ ಅವಳ ಸೀರೆ ಅರ್ಧ ನೆನೆದಿತ್ತಂತೆ, ಅದನ್ನೂ ಸೇರಿಸಿಯೇ ಹೇಳಿದಳು. ಮಧ್ಯೆ ಅಕ್ಕನ ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಸೇರಿಕೊಂಡು ಅತ್ತೆಗೆ ಕ್ಲೋನ್, ಪುಲ್, ಪುಶ್ ಕಲಿಸಿದಳು. ನನಗೆ ರಜೆ ಪೂರ್ತಿ ಹಿಡಿದದ್ದು ಅವಳಿಗೆ ಒಂದು ಸಂಜೆಯಲ್ಲಿ ಬಂತು. ಬೆರಳಚ್ಚು ಓದಿ ತಯಾರಾದವಳಲ್ಲವೇ.

ಆಸಾಡಿ ಮುಗಿಯುವ ಹೊತ್ತಿಗೆ ನಾನು ಬೆಂಗಳೂರಿನಲ್ಲಿ ಒಂದು ಮದುವೆಗೆ ಹೋಗಬೇಕಾಯಿತು. ಮಾಪಕದ ಜವಾಬ್ದಾರಿ ಅವಳದಾಯಿತು. ಮೊದಲ ದಿನವೇ ಅಕ್ಕನ ಮಗಳನ್ನು ಕೇಳಿದಳಂತೆ, “ನಾನ್ ಅಳ್ದದ್ದ್ ಯಾರ್ ಹೆಸ್ರಗೆ ಹೋತ್ತ್?” ಮಾವನ ಹೆಸರು ಹಾಕಿದೆ ಅತ್ತೆ, ಬೇಕಾದರೆ ಬದಲಾಯಿಸಬಹುದು, ಏನು ಬರೆದರೂ ತೆಗೆದುಕೊಳ್ಳುತ್ತದೆ ಎಂದು ಉತ್ತರ. ಬದಲಾಯಿಸಿದಳು. ಇಮೇಲ್ ಸಮೇತ.

ನಾನು ವಾಪಸು ಬಂದು ಎಂದಿನಂತೆ ಎಂಟೂವರೆಗೆ ಅಳೆದೆ, ಬರೆದೆ, ಕಮಿಟ್ ಮಾಡಿದೆ, ಪುಶ್ ಮಾಡಿದೆ. ಪುಶ್ ಮಾಡುವ ಕೀ ನನ್ನದೇ, ಆ ಕಡೆಯವರು ಸಹಿ ನೋಡಿ ದಿನವೂ ಒಪ್ಪಿಕೊಂಡರು. ಕಮಿಟ್ಟಿನೊಳಗೆ ಯಾರ ಹೆಸರಿದೆ ಎಂಬುದು ಅವರ ತಲೆನೋವಲ್ಲ. ಆಶ್ಲೇಷಾ ಮಳೆಯೂ ಸುರಿದು ಮುಗಿಯಿತು. ಆಮೇಲೊಂದು ಭಾನುವಾರ ಅಕ್ಕನ ಮಗಳ ಫೋನು.

“ಮಾವ, ಮದಿ ಮುಗ್ಸಿ ಬಂದ್ ಮೇಲೆ ಮಳಿ ಅಳುದ್ ಬಿಟ್ರ್ಯಾ? ಲಾಗ್ ಕಂಡೆ, ಎಲ್ಲ ಅತ್ತಿ ಹೆಸ್ರಗೇ ಇತ್ತ್.”

ತೆಗೆದು ನೋಡಿದೆ. ಇತ್ತು. ನನ್ನ ಕೈಯಾರೆ ಅಳೆದ ಮಳೆಯ ಪ್ರತಿಯೊಂದು ಸಾಲಿಗೂ ಅವಳ ಹೆಸರು, ಅವಳ ಇಮೇಲ್. ತಿದ್ದಬಹುದು, ಆದರೆ ಹೆಸರು ತಿದ್ದಿದರೆ ಅಲ್ಲಿಂದೀಚಿನ ನಲವತ್ತು ನಲವತ್ತು ಅಕ್ಷರದ ಗುರುತುಗಳೆಲ್ಲ ಬದಲಾಗಬೇಕು, ಒರಿಜಿನ್‌ಗೆ ಬಲವಂತವಾಗಿ ತುರುಕಬೇಕು, ಅಕ್ಕನ ಮನೆಯ ಪೆನ್‌ಡ್ರೈವನ್ನು ತರಿಸಿ ಅದಕ್ಕೂ ಹೊಸ ಚರಿತ್ರೆ ಒಪ್ಪಿಸಬೇಕು. ಬ್ಲೇಡು ಹಾಕಿ ಕೆರೆಯುವವರನ್ನು ಹಿಡಿದವ ನಾನು.

“ಇರ್ಲಿ ಬಿಡಿ” ಎಂದಳು ಹೆಂಡತಿ, ಹಪ್ಪಳ ಸುಡುತ್ತ. “ಜಾಯಿಂಟ್ ಅಕೌಂಟ್ ಅಂದ್ ತಿಳ್ಕಣಿ.”

“ಈದರ್ ಆರ್ ಸರ್ವೈವರಾ?”

“ಅದೆಲ್ಲ ಕಡಿಗೆ ಕಾಂಬ. ಮಾಪಕದಗೆ ಎಲಿ ಬಿದ್ದಿತ್ತ್, ಮೊದ್ಲ್ ತೆಗ್ದ್ ಬನ್ನಿ. ನನ್ ಹೆಸ್ರಗೆ ತಪ್ಪ್ ಲೆಕ್ಕ ಹೋಪುಕಾಗ.”